ಇಬ್ಬರ ಮುಖ, ಒಂದೇ ಬೆಳಕು

ಬಣ್ಣದ ಫೋಟೋದಿಂದ ಬಣ್ಣವನ್ನು ತೆಗೆದುಬಿಟ್ಟರೆ ಉಳಿಯುವುದೇ ಕಪ್ಪು-ಬಿಳುಪು ಫೋಟೋ ಎಂದು ಬಹಳ ಮಂದಿ ತಿಳಿದಿದ್ದಾರೆ. ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರಾಯಿತು, ಬಣ್ಣ ಮಾಯ. ಆದರೆ ಹಾಗೆ ಮಾಡಿದ ಚಿತ್ರಗಳಲ್ಲಿ ಹೆಚ್ಚಿನವು ಉಪ್ಪಿಲ್ಲದ ಸಾರಿನಂತಿರುತ್ತವೆ. ಅದರಲ್ಲೂ ಗಂಡ-ಹೆಂಡತಿ ಜೊತೆಗಿರುವ ಜೋಡಿ ಚಿತ್ರವಾದರೆ ತೊಂದರೆ ಇಮ್ಮಡಿ. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ಸರಿಯಾಗುವುದಿಲ್ಲ.

ಈ ವಾರ ಈ ವಿಷಯ ಎತ್ತಿಕೊಳ್ಳಲು ಕಾರಣ ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ. ಅಜ್ಜ-ಅಜ್ಜಿಯ ಮದುವೆಗೆ ಐವತ್ತು ವರ್ಷ ತುಂಬಿತೆಂದು ಅವಳೇ ತೆಗೆದ ಕಪ್ಪು-ಬಿಳುಪು ಫೋಟೋ ಒಂದನ್ನು ತಂದು ತೋರಿಸಿದಳು. ಸುಣ್ಣ ಬಳಿದ ಗೋಡೆಯ ಮುಂದೆ ಇಬ್ಬರೂ ಕುಳಿತಿದ್ದಾರೆ. ಅಜ್ಜಿಯ ಮುಖ ತಕ್ಕಮಟ್ಟಿಗೆ ಬಂದಿದೆ. ಅಜ್ಜನ ಬಿಳಿ ಅಂಗಿ, ಬಿಳಿ ಪಂಚೆ ಬಹಳ ಚೆನ್ನಾಗಿ ಬಂದಿವೆ. ಅಂಗಿಯ ಮೇಲೆ ಮುಖ ಇರಬೇಕಾದ ಕಡೆ ಮಾತ್ರ ಒಂದು ಕಪ್ಪು ಮಚ್ಚೆ, ಅದರಲ್ಲಿ ಎರಡು ಕಣ್ಣು. ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತಂತೆ: "ಸ್ಟುಡಿಯೋದವರಿಗೆ ಹೇಳಿ ಅಜ್ಜನನ್ನು ಒಂದಿಷ್ಟು ಬೆಳ್ಳಗೆ ಮಾಡಿಸು." ಹುಡುಗಿಗೆ ಅದು ಒಪ್ಪಿಗೆಯಾಗಲಿಲ್ಲ. "ಸಾರ್, ಅಜ್ಜ ಕಪ್ಪೇ, ನಿಜ. ಆದರೆ ಹೀಗಿಲ್ಲ. ತಪ್ಪು ಎಲ್ಲಿದೆ?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ತಪ್ಪು ಅಜ್ಜನ ಮೈಬಣ್ಣದಲ್ಲಿಲ್ಲ, ಅಜ್ಜನ ಅಂಗಿಯಲ್ಲಿದೆ. ಹೇಗೆ ಎಂದು ನೋಡೋಣ.

ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಒಂದು ಮೀಟರ್ ಇರುತ್ತದೆ. ಎದುರಿಗಿರುವುದು ಅಜ್ಜನೋ, ಆಲದ ಮರವೋ ಅದಕ್ಕೆ ಗೊತ್ತಿಲ್ಲ. ತನ್ನ ಮೇಲೆ ಬಿದ್ದ ಬೆಳಕು ಎಷ್ಟು ಎಂಬುದಷ್ಟೇ ಗೊತ್ತು. ಆದ್ದರಿಂದ ಅದು ಒಂದು ಊಹೆ ಮಾಡಿಕೊಳ್ಳುತ್ತದೆ: ಎದುರಿನ ದೃಶ್ಯದಲ್ಲಿರುವ ಕಪ್ಪು, ಬಿಳಿ ಎಲ್ಲವನ್ನೂ ಕಲಸಿದರೆ ನಡುವಿನ ಬೂದು ಬಣ್ಣ ಬರುತ್ತದೆ ಎಂದು. ಛಾಯಾಗ್ರಾಹಕರು ಬಳಸುವ ಬೂದು ಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 18ರಷ್ಟನ್ನು ಪ್ರತಿಫಲಿಸುತ್ತದೆ. ನಡುವಿನ ಬೂದು ಎಂದರೆ ಹೆಚ್ಚುಕಡಿಮೆ ಅದು. ಚೆನ್ನಾಗಿ ಒಗೆದ ಬಿಳಿ ಬಟ್ಟೆ ಸುಮಾರು ಶೇಕಡಾ 80ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಬಿಳಿ ಗೋಡೆ, ಬಿಳಿ ಅಂಗಿ, ಬಿಳಿ ಪಂಚೆ ಚೌಕಟ್ಟನ್ನು ತುಂಬಿದಾಗ ಮೀಟರಿಗೆ ಅನ್ನಿಸುವುದು "ಇಲ್ಲಿ ಬೆಳಕು ವಿಪರೀತ" ಎಂದು. ಅದು ಒಳಗೆ ಬರುವ ಬೆಳಕನ್ನು ಕಡಿಮೆ ಮಾಡುತ್ತದೆ, ಕೆಲವೊಮ್ಮೆ ಕಾಲುಭಾಗಕ್ಕೇ ಇಳಿಸಿಬಿಡುತ್ತದೆ. ಗೋಡೆ ಬೂದಾಗುತ್ತದೆ, ಅಜ್ಜಿಯ ಮುಖ ಹೇಗೋ ಉಳಿದುಕೊಳ್ಳುತ್ತದೆ. ಮೊದಲೇ ಕಡಿಮೆ ಬೆಳಕು ಪ್ರತಿಫಲಿಸುವ ಅಜ್ಜನ ಮುಖ ಕತ್ತಲೆಗೆ ಬೀಳುತ್ತದೆ.

ಇದರ ತಿರುಗುಮುರುಗೂ ನಿಜ. ಅಜ್ಜಿ ಕಪ್ಪಂಚಿನ ಕಡುನೇರಳೆ ರೇಷ್ಮೆ ಸೀರೆಯುಟ್ಟು ಹಳೆಯ ಮರದ ಬಾಗಿಲಿನ ಮುಂದೆ ಕುಳಿತರೆ ಮೀಟರು "ಬೆಳಕು ಸಾಲದು" ಎಂದುಕೊಂಡು ಹೆಚ್ಚು ಬೆಳಕು ಒಳಬಿಡುತ್ತದೆ. ಆಗ ಅಜ್ಜಿಯ ಮುಖದ ಗೆರೆಗಳೆಲ್ಲ ಅಳಿಸಿಹೋಗಿ ಬಿಳಿಚಿಕೊಳ್ಳುತ್ತದೆ. ಮನೆಯವರು ಅದನ್ನು ನೋಡಿ "ಅಜ್ಜಿ ಎಷ್ಟು ಬೆಳ್ಳಗೆ ಬಂದಿದ್ದಾರೆ" ಎಂದು ಸಂತೋಷಪಡುತ್ತಾರೆ! ಎರಡೂ ಒಂದೇ ಬಗೆಯ ದೋಷ. ಒಂದನ್ನು ಬೈಯುತ್ತೇವೆ, ಇನ್ನೊಂದನ್ನು ಹೊಗಳುತ್ತೇವೆ.

ಹೊಸ ಮೊಬೈಲುಗಳು ಮುಖವನ್ನು ಗುರುತಿಸಿ ಅದಕ್ಕೆ ತಕ್ಕಂತೆ ಅಳೆಯುತ್ತವೆ, ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಬೆರೆಸುತ್ತವೆ ಎನ್ನುವುದು ಸರಿ. ಆದರೆ ಇಬ್ಬರಲ್ಲಿ ಯಾರ ಮುಖಕ್ಕೆ ಎಷ್ಟು ಎಂಬ ತೀರ್ಮಾನವನ್ನು ಯಂತ್ರಕ್ಕೆ ಬಿಡುವ ಬದಲು ನೀವೇ ಮಾಡಿ. ಪರದೆಯ ಮೇಲೆ ಕಪ್ಪು ಮೈಬಣ್ಣದವರ ಕೆನ್ನೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಅಳತೆ ಅಲ್ಲಿಗೆ ನಿಲ್ಲುತ್ತದೆ. ಪಕ್ಕದಲ್ಲಿ ಬರುವ ಪುಟ್ಟ ಸೂರ್ಯನ ಗುರುತನ್ನು ತುಸುವೇ ಕೆಳಕ್ಕೆ ಎಳೆದು, ಬೆಳ್ಳಗಿರುವವರ ಹಣೆ ಪೂರ್ತಿ ಬಿಳಿಚದಂತೆ ನೋಡಿಕೊಳ್ಳಿ. ಡಿಜಿಟಲ್ ಚಿತ್ರದಲ್ಲಿ ಒಮ್ಮೆ ಪೂರ್ತಿ ಬಿಳಿಯಾದ ಭಾಗದಿಂದ ಏನನ್ನೂ ಮರಳಿ ಪಡೆಯಲಾಗದು. ಅಂಗಿಯ ನೇಯ್ಗೆ ಹೋದರೆ ಹೋಗಲಿ, ಮುಖ ಹೋಗಬಾರದು. ಇನ್ನೂ ಸುಲಭದ ದಾರಿ ಬೇಕೆ? ಅಜ್ಜನಿಗೆ ಬೂದು ಅಥವಾ ತಿಳಿಗಂದು ಬಣ್ಣದ ಅಂಗಿ ಕೊಡಿ, ಗೋಡೆಯಿಂದ ಈಚೆಗೆ ಕೂರಿಸಿ.

ಈಗ ಬೆಳಕಿನ ದಿಕ್ಕಿಗೆ ಬರೋಣ. ನನ್ನ ಲೆಕ್ಕದಲ್ಲಿ ಇಡೀ ಕಲೆಯ ಮುಕ್ಕಾಲು ಪಾಲು ಇಲ್ಲೇ ಇದೆ.

ಬಣ್ಣದ ಚಿತ್ರದಲ್ಲಿ ಮೂಗು, ಕೆನ್ನೆ, ಸೀರೆ, ಗೋಡೆ ಎಲ್ಲವನ್ನೂ ಬಣ್ಣವೇ ಬೇರ್ಪಡಿಸಿ ಕೊಡುತ್ತದೆ. ಕಪ್ಪು-ಬಿಳುಪಿನಲ್ಲಿ ಆ ಕೆಲಸವನ್ನು ನೆರಳು ಮಾಡಬೇಕು. ಕ್ಯಾಮೆರಾದ ಫ್ಲ್ಯಾಷ್ ಹಾಕಿದರೆ ಬೆಳಕು ಮುಖಕ್ಕೆ ನೇರವಾಗಿ ಹೊಡೆದು ಇದ್ದ ನೆರಳನ್ನೆಲ್ಲ ಗುಡಿಸಿ ಹಾಕುತ್ತದೆ, ಮುಖ ಚಪ್ಪಟೆಯಾಗುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿನ ಗೂಡು ಕತ್ತಲಾಗುತ್ತದೆ. ಇವೆರಡೂ ಬೇಡ. ಹೆಂಚಿನ ಮನೆಯ ಜಗಲಿ ಇದ್ದರೆ ನೀವು ಅದೃಷ್ಟವಂತರು. ಮೇಲಿನ ಬಿಸಿಲನ್ನು ಮಾಡು ತಡೆಯುತ್ತದೆ, ಅಂಗಳದ ಬೆಳಕು ಒಂದು ಪಕ್ಕದಿಂದ ಮೆತ್ತಗೆ ಬರುತ್ತದೆ. ಜಗಲಿ ಇಲ್ಲದ ಪಟ್ಟಣದ ಮನೆಯಲ್ಲಿ ನೇರ ಬಿಸಿಲು ಬೀಳದ ದೊಡ್ಡ ಕಿಟಕಿ ಸಾಕು. ಟ್ಯೂಬ್‌ಲೈಟ್ ಆರಿಸಿಬಿಡಿ. ಎರಡು ಬಗೆಯ ಬೆಳಕು ಕೂಡಿದರೆ ಬಣ್ಣದ ಫೋಟೋದಲ್ಲಿ ಮುಖದ ಒಂದು ಕಡೆ ಹಸಿರು, ಒಂದು ಕಡೆ ಹಳದಿಯಾಗುತ್ತದೆ. ಕಪ್ಪು-ಬಿಳುಪಿನಲ್ಲಿ ಆ ಚಿಂತೆಯೇನೋ ಇಲ್ಲ, ಆದರೆ ಮೂಗಿನ ಕೆಳಗೆ ಎರಡೆರಡು ನೆರಳು ಬೀಳುವುದು ತಪ್ಪುವುದಿಲ್ಲ.

ಇಬ್ಬರನ್ನೂ ಕಿಟಕಿಗೆ ಓರೆಯಾಗಿ ಕೂರಿಸಿ, ಬೆಳಕು ಮುಂದಿನಿಂದಲೂ ಅಲ್ಲ, ಪೂರ್ತಿ ಪಕ್ಕದಿಂದಲೂ ಅಲ್ಲ ಎನ್ನುವ ಹಾಗೆ. ಯಾರು ಕಿಟಕಿಗೆ ಹತ್ತಿರ? ಇಲ್ಲಿ ನಿಮ್ಮ ಭೌತಶಾಸ್ತ್ರದ ಪುಸ್ತಕ ಕೆಲಸಕ್ಕೆ ಬರುತ್ತದೆ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ ಎಂದು ಓದಿದ್ದೀರಷ್ಟೆ? ಸಣ್ಣ ದೀಪವೊಂದರಿಂದ 1 ಮೀಟರ್ ದೂರದಲ್ಲಿರುವವರಿಗೆ ಬೀಳುವ ಬೆಳಕಿನ ಕಾಲುಭಾಗ ಮಾತ್ರ 2 ಮೀಟರ್ ದೂರದಲ್ಲಿರುವವರಿಗೆ ಸಿಗುತ್ತದೆ. ಕಿಟಕಿ ಸಣ್ಣ ದೀಪವಲ್ಲ, ಅಗಲವಾದ ಮೂಲ. ಆದ್ದರಿಂದ ಅದರ ಹತ್ತಿರ ಇಳಿಕೆ ಇಷ್ಟು ಕಡಿದಾಗಿರುವುದಿಲ್ಲ. ಆದರೂ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಹಾಗಾದರೆ ಮೈಬಣ್ಣ ಕಪ್ಪಿರುವವರನ್ನು ಕಿಟಕಿಯ ಕಡೆಗೆ ಕೂರಿಸಿ, ಬೆಳ್ಳಗಿರುವವರನ್ನು ಅರ್ಧ ಮೀಟರ್ ಆಚೆಗೆ. ಒಬ್ಬರ ನೆರಳು ಇನ್ನೊಬ್ಬರ ಮುಖದ ಮೇಲೆ ಬೀಳದಂತೆ ಕುರ್ಚಿ ತಿರುಗಿಸಿ. ಕಿಟಕಿಯ ಎದುರು ಬದಿಗೆ ಹಗ್ಗದ ಮೇಲೆ ಬಿಳಿ ಪಂಚೆಯನ್ನೋ ಹೊದಿಕೆಯನ್ನೋ ಇಳಿಬಿಟ್ಟರೆ ಅದು ಬೆಳಕನ್ನು ಮರಳಿಸಿ ನೆರಳಿನ ಭಾಗವನ್ನು ತುಸು ತುಂಬುತ್ತದೆ. ಖರ್ಚು ಸೊನ್ನೆ.

ಇನ್ನೊಂದು ಸೂಕ್ಷ್ಮವಿದೆ. ಬೆಳ್ಳನೆಯ ಮುಖದ ಆಕಾರವನ್ನು ತೋರಿಸುವುದು ಬಹುಮಟ್ಟಿಗೆ ನೆರಳು. ಕಪ್ಪು ಮುಖದ ಆಕಾರವನ್ನು ತೋರಿಸುವುದು ಹೊಳಪು. ಹಣೆಯ ಉಬ್ಬು, ಮೂಗಿನ ಏಣು, ಕೆನ್ನೆಯ ಮೂಳೆ ಇಲ್ಲೆಲ್ಲ ಚರ್ಮ ಬೆಳಕನ್ನು ಕನ್ನಡಿಯ ಹಾಗೆ ನೇರವಾಗಿ ಪ್ರತಿಫಲಿಸುತ್ತದೆ. ಬೆಳಕಿನ ಮೂಲ ದೊಡ್ಡದಾಗಿದ್ದರೆ ಈ ಹೊಳಪು ಅಗಲವಾಗಿ, ಮೃದುವಾಗಿ ಹರಡಿ ಮುಖವನ್ನು ಶಿಲ್ಪದಂತೆ ಕಡೆದು ಕೊಡುತ್ತದೆ. ಬೇಲೂರಿನ ಮದನಿಕೆಯರ ಕಲ್ಲು ಕಪ್ಪು ಎಂದು ಯಾರಾದರೂ ದೂರಿದ್ದುಂಟೆ? ಫೋಟೋಕ್ಕೆ ಮುಂಚೆ ಮುಖಕ್ಕೆ ಪೌಡರ್ ಬಳಿಯುವ ರೂಢಿ ಈ ಹೊಳಪನ್ನೇ ಮೊದಲು ಕೊಲ್ಲುತ್ತದೆ. ಬೆವರಿದ್ದರೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಅಷ್ಟು ಸಾಕು.

ಹಿಂದಿನ ಸ್ಟುಡಿಯೋಗಳಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ ಮೂರೂ ಕಾಯಂ ಇರುತ್ತಿದ್ದವು. ಒಳಗೆ ಇನ್ನೊಂದು ಉಪಕರಣವಿರುತ್ತಿತ್ತು: ಚೂಪಾದ ಪೆನ್ಸಿಲ್. ನೆಗೆಟಿವ್‌ನಲ್ಲಿ ಮುಖದ ಜಾಗದ ಮೇಲೆ ನವಿರಾಗಿ ಪೆನ್ಸಿಲ್ ಆಡಿಸಿದರೆ ಸೀಸದ ಕಣಗಳು ಅಲ್ಲಿ ಬೆಳಕನ್ನು ತಡೆಯುತ್ತವೆ. ಬೆಳಕು ಕಡಿಮೆ ಬಿದ್ದ ಕಡೆ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಸುಕ್ಕು, ಮೊಡವೆ, ಮೈಬಣ್ಣ ಎಲ್ಲಕ್ಕೂ ಇದೇ ಮದ್ದು! ಇಂದಿನ ಮೊಬೈಲಿನ ಬ್ಯೂಟಿ ಎಂಬ ಗುಂಡಿ ಆ ಪೆನ್ಸಿಲಿನ ಮರಿಮಗ. ಅಜ್ಜ-ಅಜ್ಜಿಯ ಫೋಟೋ ತೆಗೆಯುವ ಮುಂಚೆ ದಯವಿಟ್ಟು ಅದನ್ನು ಆರಿಸಿ. ಎಪ್ಪತ್ತು ವರ್ಷ ಬಿಸಿಲಿನಲ್ಲಿ ಗೇಯ್ದ ಮುಖದ ಗೆರೆಗಳನ್ನು ಅಳಿಸಿದರೆ ಕಪ್ಪು-ಬಿಳುಪಿನಲ್ಲಿ ಉಳಿಯುವುದಾದರೂ ಏನು?

ಹಳೆಯ ಫೋಟೋಗಳ ಮಾತು ಬಂದಾಗ ಕುತೂಹಲದ ಸಂಗತಿಯೊಂದನ್ನು ಹೇಳಬೇಕು. ನಿಮ್ಮ ಮನೆಯ ಗೋಡೆಯ ಮೇಲೆ ಮುತ್ತಜ್ಜ-ಮುತ್ತಜ್ಜಿಯ ಬಹಳ ಹಳೆಯ ಚಿತ್ರವಿದ್ದರೆ ಗಮನಿಸಿ. ಮುತ್ತಜ್ಜಿಯ ಕುಂಕುಮ, ತುಟಿ ಎರಡೂ ಕಪ್ಪಾಗಿರಬಹುದು, ಮುಖಗಳು ನೀವು ಕೇಳಿದ್ದಕ್ಕಿಂತ ಹೆಚ್ಚು ಕಪ್ಪಾಗಿರಬಹುದು. ಮೊದಲ ಕಾಲದ ಬೆಳ್ಳಿ ಲವಣದ ಫಲಕಗಳಿಗೆ ನೀಲಿ ಮತ್ತು ನೇರಳೆ ಬೆಳಕು ಮಾತ್ರ ಕಾಣುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್ ಎಂಬ ರಸಾಯನಶಾಸ್ತ್ರಜ್ಞ ಕೆಲವು ಬಗೆಯ ಬಣ್ಣದ ಅಂಶ ಸೇರಿಸಿದರೆ ಫಲಕಕ್ಕೆ ಹಸಿರೂ ಕಾಣುವಂತೆ ಮಾಡಬಹುದೆಂದು ಕಂಡುಕೊಂಡ. ಕೆಂಪು ಆಗಲೂ ಕಾಣುತ್ತಿರಲಿಲ್ಲ. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಇಡಲು ಸಾಧ್ಯವಾದದ್ದು ಈ ಕುರುಡುತನದಿಂದಲೇ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳನ್ನು 1906ರಲ್ಲಿ ಇಂಗ್ಲೆಂಡಿನ ರ್‍ಯಾಟನ್ ಅಂಡ್ ವೇನ್‌ರೈಟ್ ಕಂಪನಿ ಮಾರಾಟಕ್ಕೆ ತಂದಿತು. ಆದರೂ ಹಳೆಯ ಬಗೆಯವು ಬಹುಕಾಲ ಬಳಕೆಯಲ್ಲಿದ್ದವು.

ನಮ್ಮ ಚರ್ಮ, ಅದು ಯಾವ ಛಾಯೆಯದೇ ಇರಲಿ, ನೀಲಿಗಿಂತ ಕೆಂಪನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಕೆಂಪನ್ನೇ ಕಾಣದ ಫಲಕಕ್ಕೆ ಕಂದು ಮುಖ ಇನ್ನೂ ಕಪ್ಪಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅಂದರೆ ಮುತ್ತಜ್ಜನ ಕಪ್ಪಿನಲ್ಲಿ ಒಂದಷ್ಟು ಮುತ್ತಜ್ಜನದು, ಒಂದಷ್ಟು ರಸಾಯನಶಾಸ್ತ್ರದ್ದು.

ಈ ಪಾಠವನ್ನು ಇಂದು ಮೊಬೈಲಿನಲ್ಲೇ ಪ್ರಯೋಗ ಮಾಡಿ ನೋಡಬಹುದು. ಚಿತ್ರವನ್ನು ಬಣ್ಣದಲ್ಲೇ ತೆಗೆದಿಟ್ಟುಕೊಳ್ಳಿ, ಆಮೇಲೆ ಕಪ್ಪು-ಬಿಳುಪಿಗೆ ತಿರುಗಿಸಿ. ಹಲವು ಆ್ಯಪ್‌ಗಳಲ್ಲಿ ಹಾಗೆ ತಿರುಗಿಸುವಾಗ ಕೆಂಪು, ಕಿತ್ತಳೆ, ಹಸಿರು, ನೀಲಿ ಎಂಬ ಸೋಸುಗಗಳನ್ನು ಆರಿಸಿಕೊಳ್ಳುವ ಸೌಲಭ್ಯವಿದೆ. ನೀಲಿ ಒತ್ತಿ: ಮುಖ ಕಪ್ಪಿಡುತ್ತದೆ, ಚರ್ಮದ ಕಲೆಗಳೆಲ್ಲ ಎದ್ದು ಬರುತ್ತವೆ, ಮುತ್ತಜ್ಜನ ಕಾಲಕ್ಕೆ ಹೋದಂತಾಗುತ್ತದೆ. ಕೆಂಪು ಒತ್ತಿ: ಮುಖ ಬೆಳ್ಳಗಾಗುತ್ತದೆ, ಕಲೆಗಳು ಮಾಯ. ಜೊತೆಗೆ ಅಜ್ಜಿಯ ಹಣೆಯ ಕುಂಕುಮವೂ ಮಾಯ! ಕೆಂಪನ್ನೆಲ್ಲ ಬಿಳಿಗೆ ಎತ್ತಿದರೆ ಕುಂಕುಮ ಉಳಿಯುವುದೆಲ್ಲಿಂದ?

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಒಂದು ಗುರುತು ಹೇಳಿಕೊಡುತ್ತೇನೆ. ಕುಂಕುಮ ಹಣೆಯಿಂದ ಬೇರೆಯಾಗಿ, ಸ್ಪಷ್ಟವಾಗಿ, ಆದರೆ ಮಸಿಯಷ್ಟು ಕಪ್ಪಾಗಿರದೆ ಕಂಡರೆ ನಿಮ್ಮ ಪರಿವರ್ತನೆ ಹದವಾಗಿದೆ. ಕುಂಕುಮ ಇಡದ ಮನೆಗಳಲ್ಲಿ ಎಲೆ-ಅಡಿಕೆ ಹಾಕಿದ ತುಟಿಯೂ ಅದೇ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಹಸಿರಿಗೂ ಕಿತ್ತಳೆಗೂ ನಡುವೆ ಎಲ್ಲೋ ಈ ಹದ ಸಿಗುತ್ತದೆ.

ಬಟ್ಟೆಯ ಆಯ್ಕೆಯಲ್ಲಿ ಇದೇ ಲೆಕ್ಕ ಇನ್ನೊಂದು ರೂಪದಲ್ಲಿ ಕಾಡುತ್ತದೆ. ಕೆಂಪು ಸೀರೆ, ಹಿಂದೆ ಹಸಿರು ಬಾಳೆಗಿಡ. ಕಣ್ಣಿಗೆ ಎಂಥ ಸೊಗಸು! ಕಪ್ಪು-ಬಿಳುಪಿಗೆ ತಿರುಗಿಸಿದರೆ ಸೀರೆ ಯಾವುದು, ಎಲೆ ಯಾವುದು ತಿಳಿಯದು. ಕಾರಣವನ್ನು ಕೂಡಿ-ಗುಣಿಸಿಯೇ ನೋಡಬಹುದು. ಬಣ್ಣದ ಪ್ರಸಾರವನ್ನು ಕಪ್ಪು-ಬಿಳುಪು ಟಿ.ವಿ.ಯಲ್ಲೂ ನೋಡುವಂತಿರಬೇಕು ಎಂದು ಎಂಜಿನಿಯರುಗಳು ಒಂದು ಸೂತ್ರ ಮಾಡಿಕೊಂಡಿದ್ದರು: ಕೆಂಪಿನ 0.299, ಹಸಿರಿನ 0.587, ನೀಲಿಯ 0.114 ಪಾಲುಗಳನ್ನು ಕೂಡಿಸಿದರೆ ಬೂದಿನ ಮಟ್ಟ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಹೆಚ್ಚು ಸ್ಪಂದಿಸುವುದು ಸುಮಾರು 555 ನ್ಯಾನೋಮೀಟರ್ ತರಂಗದೂರದ ಹಸಿರಿಗೆ, ಆದ್ದರಿಂದ ಹಸಿರಿಗೆ ದೊಡ್ಡ ಪಾಲು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳ ಹೊತ್ತಿಗೆ ದೂರದರ್ಶನ ಬಣ್ಣಕ್ಕೆ ತಿರುಗಿದ ಮೇಲೂ ಎಷ್ಟೋ ಮನೆಗಳಲ್ಲಿ ಹಳೆಯ ಸೆಟ್ಟುಗಳೇ ನಡೆದದ್ದು ಪೋಷಕರಿಗೆ ನೆನಪಿರಬಹುದು. ಈಗ 0ಯಿಂದ 255ರ ಅಳತೆಯಲ್ಲಿ ಅಚ್ಚ ಕೆಂಪು 255 ಎನ್ನಿ. 255ನ್ನು 0.299ರಿಂದ ಗುಣಿಸಿದರೆ ಸುಮಾರು 76. ಎಲೆಯ ಹಸಿರು 130 ಎನ್ನಿ. 130ನ್ನು 0.587ರಿಂದ ಗುಣಿಸಿದರೆ ಅದೂ ಸುಮಾರು 76. ಉತ್ತರ ಒಂದೇ, ಸೀರೆ ಎಲೆಯಲ್ಲಿ ಕರಗಿತು.

ಅಂದಮೇಲೆ ಆರಿಸಬೇಕಾದದ್ದು ಬಣ್ಣವನ್ನಲ್ಲ, ಗಾಢತೆಯನ್ನು. ಕಣ್ಣನ್ನು ಅರೆ ಮುಚ್ಚಿ ನೋಡಿ. ಯಾವುದು ಹೆಚ್ಚು ಕಪ್ಪು, ಯಾವುದು ಕಡಿಮೆ ಎಂಬುದಷ್ಟೇ ಉಳಿಯುತ್ತದೆ. ಇಬ್ಬರ ಬಟ್ಟೆಯೂ ಅವರವರ ಮುಖಕ್ಕಿಂತ ತುಸು ಗಾಢವಾಗಿದ್ದು, ಹಿನ್ನೆಲೆ ಇನ್ನೂ ಗಾಢವಾಗಿದ್ದರೆ ನೋಡುವವರ ಕಣ್ಣು ತಾನಾಗಿ ಮುಖಗಳಿಗೆ ಹೋಗುತ್ತದೆ. ದೊಡ್ಡ ಚೌಕಳಿ, ದೊಡ್ಡ ಹೂವಿನ ಬಟ್ಟೆ ಬೇಡ.

ದೂರದ ವಿಷಯ. ಮೊಬೈಲಿನ ಮುಖ್ಯ ಮಸೂರ ಅಗಲ ನೋಟದ್ದು. ಇಬ್ಬರ ಮುಖವನ್ನು ಚೌಕಟ್ಟಿನಲ್ಲಿ ತುಂಬಲು ನಾವು ಹತ್ತಿರ ಹೋಗಿಬಿಡುತ್ತೇವೆ. ಮೂಗಿನ ತುದಿಗೂ ಕಿವಿಗೂ ನಡುವೆ 12 ಸೆಂಟಿಮೀಟರ್ ಇದೆ ಎನ್ನಿ. 40 ಸೆಂ.ಮೀ. ದೂರದಿಂದ ತೆಗೆದರೆ ಮೂಗು 40ರಲ್ಲಿ, ಕಿವಿ 52ರಲ್ಲಿ. ಕಿವಿಗೆ ಹೋಲಿಸಿದರೆ ಮೂಗು ಶೇಕಡಾ 30ರಷ್ಟು ಹಿಗ್ಗಿ ಬರುತ್ತದೆ. 2 ಮೀಟರ್ ಹಿಂದೆ ಸರಿದರೆ 200ಕ್ಕೆ 212, ಅಂದರೆ ಶೇಕಡಾ 6 ಮಾತ್ರ. "ನನ್ನ ಮೂಗು ಇಷ್ಟು ದೊಡ್ಡದೇ?" ಎಂದು ಅಜ್ಜಿ ಮುನಿಸಿಕೊಳ್ಳುವುದು ಸುಮ್ಮನೆ ಅಲ್ಲ. ಎರಡು ಮೀಟರ್ ಹಿಂದೆ ನಿಂತು ಎರಡು ಪಟ್ಟಿನ ಜೂಮ್ ಬಳಸಿ. ಮುಖಗಳನ್ನು ಚೌಕಟ್ಟಿನ ಅಂಚಿಗೆ ತಳ್ಳಬೇಡಿ, ಅಂಚಿನಲ್ಲಿ ತಲೆ ಉದ್ದುದ್ದ ಎಳೆದಂತಾಗುತ್ತದೆ.

ದೊಡ್ಡ ಕ್ಯಾಮೆರಾ ಇರುವ ಮಕ್ಕಳಿಗೆ ಬೇರೆ ಆಸೆ, ಹಿನ್ನೆಲೆಯನ್ನು ಮಸುಕು ಮಾಡುವುದು. ಒಬ್ಬರೇ ಇದ್ದಾಗ ಸರಿ, ಜೋಡಿಗೆ ಅಪಾಯ. 35 ಮಿ.ಮೀ. ಫಿಲ್ಮಿನ ಅಳತೆಯ ಕ್ಯಾಮೆರಾದಲ್ಲಿ 50 ಮಿ.ಮೀ. ಮಸೂರ ಹಾಕಿ ಒಂದೂವರೆ ಮೀಟರ್ ದೂರದಿಂದ ತೆಗೆಯುವಾಗ ಎಫ್ 1.8ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 10 ಸೆಂ.ಮೀ. ಮಾತ್ರ. ಅಜ್ಜ ತುಸು ಹಿಂದಕ್ಕೆ ಒರಗಿದರೂ ಮಸುಕು. ಎಫ್ 5.6ಕ್ಕೆ ಇಳಿಸಿದರೆ ಸುಮಾರು 30 ಸೆಂ.ಮೀ. ಸಿಗುತ್ತದೆ, ಇಬ್ಬರೂ ಉಳಿಯುತ್ತಾರೆ. ಮೊಬೈಲಿನ ಪೋರ್ಟ್ರೇಟ್ ಮೋಡ್ ಲೆಕ್ಕಾಚಾರದಿಂದ ಮಸುಕು ಮಾಡುವಂಥದ್ದು. ಇಬ್ಬರಿದ್ದಾಗ ಒಬ್ಬರ ಕಿವಿಯನ್ನೋ ಕನ್ನಡಕದ ಕಡ್ಡಿಯನ್ನೋ ಹಿನ್ನೆಲೆಯೆಂದು ತಿಳಿದು ತಿಂದುಹಾಕುವುದುಂಟು. ಅದೂ ಬೇಡ.

ಕೂರಿಸುವ ಬಗೆಯ ಬಗ್ಗೆ ಒಂದೆರಡು ಮಾತು. ಗಂಡ ಕುರ್ಚಿಯ ಮೇಲೆ, ಹೆಂಡತಿ ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನಿನ ಮೇಲೆ ಕೈ, ಇಬ್ಬರ ಮುಖವೂ ಗಂಟು. ಇದು ಹಳೆಯ ಸ್ಟುಡಿಯೋ ಶೈಲಿ. ಆಗ ಚಿತ್ರ ಮೂಡಲು ಹೆಚ್ಚು ಹೊತ್ತು ಬೇಕಾಗುತ್ತಿತ್ತು, ಅಲುಗಾಡದಿರಲು ಏನನ್ನಾದರೂ ಹಿಡಿದಿರಬೇಕಿತ್ತು. ನಗುವನ್ನು ಅಷ್ಟು ಹೊತ್ತು ಹಿಡಿದಿಡುವುದೂ ಕಷ್ಟ. ಇಂದು ಸೆಕೆಂಡಿನ 125ನೇ ಒಂದು ಭಾಗದಲ್ಲಿ ಚಿತ್ರ ಮುಗಿದಿರುತ್ತದೆ. ಆದರೂ ನಮ್ಮ ಹಿರಿಯರು ಕ್ಯಾಮೆರಾ ಕಂಡೊಡನೆ ಆಧಾರ್ ಕಾರ್ಡಿನ ಮುಖ ಮಾಡಿಕೊಳ್ಳುತ್ತಾರೆ. "ನಗಿ" ಎಂದರೆ ಇನ್ನೂ ಕೆಟ್ಟದಾಗುತ್ತದೆ.

ಅವರ ಕೈಗೆ ಕೆಲಸ ಕೊಡಿ. ಅವರೆಕಾಯಿ ಸುಲಿಯಲಿ, ಹೂ ಕಟ್ಟಲಿ, ಅಜ್ಜಿ ಎಲೆಗೆ ಸುಣ್ಣ ಸವರಿ ಅಜ್ಜನಿಗೆ ಕೊಡಲಿ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂರಿಸಿ. ನಡುವೆ ಬಿಳಿ ಗೋಡೆಯ ಸಂದಿ ಕಂಡರೆ ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ. ಇಬ್ಬರ ತಲೆ ಒಂದೇ ಎತ್ತರದಲ್ಲಿರಬೇಕಿಲ್ಲ, ಆದರೆ ಕ್ಯಾಮೆರಾದಿಂದ ಒಂದೇ ದೂರದಲ್ಲಿರಲಿ. ಮದುವೆಯ ದಿನ ಮಳೆ ಬಂದಿತ್ತೇ, ಊಟಕ್ಕೆ ಏನು ಮಾಡಿದ್ದರು ಎಂದು ಕೇಳಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದಲು ಹೊರಡುತ್ತಾರೆ. ಆ ತಿದ್ದುವ ಗಳಿಗೆಯಲ್ಲಿ ಒಬ್ಬರ ಮುಖವನ್ನು ಇನ್ನೊಬ್ಬರು ನೋಡುತ್ತಾರಲ್ಲ, ಆಗ ಒತ್ತಿ. ಒಂದಲ್ಲ, ಹತ್ತು ತೆಗೆಯಿರಿ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ತೆಗೆದ ಕಪ್ಪು-ಬಿಳುಪು ಚಿತ್ರಗಳು ಗ್ರಂಥಾಲಯದಲ್ಲಿ ಸಿಕ್ಕರೆ ಒಮ್ಮೆ ನೋಡಿ. ಸಾಮಾನ್ಯ ಜನರ ದಿನದಿನದ ಬದುಕಿನ ಚಿತ್ರಗಳು. ಪ್ರತಿಯೊಂದರಲ್ಲೂ ಬೆಳಕು ಯಾವ ಕಡೆಯಿಂದ ಬಂದಿದೆ ಎಂದು ನೆರಳು ನೋಡಿ ಪತ್ತೆಹಚ್ಚಿ. ಇದಕ್ಕಿಂತ ಒಳ್ಳೆಯ ಮನೆಗೆಲಸವನ್ನು ನಾನು ಕೊಡಲಾರೆ.

ಪೋಷಕರಿಗೆ ಒಂದು ವಿನಂತಿ. ಮಗು ಮೊಬೈಲಿನಲ್ಲಿ ಚಿತ್ರ ತಿದ್ದುತ್ತಿರುವಾಗ ಹಿಂದೆ ನಿಂತು "ಅತ್ತೆಯನ್ನು ಸ್ವಲ್ಪ ಬೆಳ್ಳಗೆ ಮಾಡು" ಎನ್ನುವುದು ನಮ್ಮಲ್ಲಿ ಸಾಮಾನ್ಯ. ಹೆಣ್ಣು ನೋಡುವ ಫೋಟೋಗಳ ಕಾಲದಿಂದ ಬಂದ ಅಭ್ಯಾಸವಿದು. ಆದರೆ ಹೇಳಿಸಿಕೊಳ್ಳುತ್ತಿರುವ ಮಗುವಿನ ಮೈಬಣ್ಣವೂ ಅತ್ತೆಯದೇ ಇರಬಹುದು. "ಮುಖ ಕಾಣಿಸುತ್ತಿಲ್ಲ, ಬೆಳಕು ಸರಿಮಾಡು" ಎಂದರೆ ತಾಂತ್ರಿಕ ಸಲಹೆಯಾಯಿತು, ಮಗು ಕುರ್ಚಿಯನ್ನು ಕಿಟಕಿಯತ್ತ ಸರಿಸುತ್ತದೆ.

ಕೊನೆಯದಾಗಿ ಮುದ್ರಣ. ಮೊಬೈಲಿನೊಳಗಿರುವ ಚಿತ್ರ ಮೊಬೈಲಿನೊಂದಿಗೇ ಹೋಗುತ್ತದೆ. ಒಂದನ್ನಾದರೂ ಕಾಗದದ ಮೇಲೆ ಮಾಡಿಸಿ. ಹೊಳೆಯುವ ಕಾಗದಕ್ಕಿಂತ ಮ್ಯಾಟ್ ಕಾಗದ ಗೋಡೆಯ ಮೇಲೆ ಚೆನ್ನ, ಎದುರಿನ ಕಿಟಕಿ ಅದರಲ್ಲಿ ಪ್ರತಿಫಲಿಸುವುದಿಲ್ಲ. "ಯಾವುದೇ ತಿದ್ದುಪಡಿ ಬೇಡ, ಇದ್ದಂತೆ ಹಾಕಿ" ಎಂದು ಅಂಗಡಿಯವರಿಗೆ ಮೊದಲೇ ಹೇಳಿ. ಇಲ್ಲವಾದರೆ ಅಲ್ಲಿನ ಯಂತ್ರ ತನ್ನ ಬುದ್ಧಿಯನ್ನು ಸೇರಿಸಿಬಿಡುತ್ತದೆ. ನೇರ ಬಿಸಿಲು ಬೀಳದ ಗೋಡೆಯ ಮೇಲೆ ತೂಗುಹಾಕಿ. ಅದಕ್ಕೆ ಮುಂಚೆ ಚಿತ್ರವನ್ನು ಮಗುಚಿ, ಮೆದು ಪೆನ್ಸಿಲಿನಿಂದ ಇಬ್ಬರ ಹೆಸರು, ಊರು, ದಿನಾಂಕ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂಭಾಗಕ್ಕೆ ಬರುತ್ತದೆ.